ಗುಜರಿ ಡ್ರಮ್ಮಿನಲ್ಲಿ ಹೊಗೆಗೆ ದಾರಿ ಹುಡುಕಿದ್ದು

ಮಾಂಸವನ್ನು ಸೌದೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ನನ್ನ ಸ್ಮೋಕರ್‌ನ ಒಡಲು ಗುಜರಿಯಿಂದ ತಂದ 200 ಲೀಟರಿನ ಉಕ್ಕಿನ ಡ್ರಮ್. ಅದರಲ್ಲಿ ಮೊದಲು ಇದ್ದದ್ದು ಅಡುಗೆ ಎಣ್ಣೆ ಎಂದು ಖಚಿತವಾದ ಮೇಲೆಯೇ ತಂದೆ. ಕೀಟನಾಶಕವೋ ರಾಸಾಯನಿಕವೋ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಅಡುಗೆಗೆ ಬಳಸಬಾರದು. ಮುಚ್ಚಿದ ಡ್ರಮ್ಮಿಗೆ ನೇರವಾಗಿ ಲೋಹ ಕತ್ತರಿಸುವ ಗ್ರೈಂಡರ್ ಹಚ್ಚುವುದೂ ಅಪಾಯ. ಒಳಗೆ ಉಳಿದ ಆವಿಗೆ ಕಿಡಿ ತಗಲಿದರೆ ಸಿಡಿಯಬಹುದು. ಬಾಯಿ ಬಿಚ್ಚಿ, ತೊಳೆದು, ನಂತರ ಕತ್ತರಿಸಿದೆ. ಒಳಗಿನ ಲೇಪನವನ್ನು ಬಯಲಿನಲ್ಲಿ ಸೌದೆ ಉರಿಸಿ ಸುಟ್ಟು, ಬರಿಯ ಲೋಹ ಕಾಣುವವರೆಗೆ ತಂತಿ ಬ್ರಷ್ಷಿನಿಂದ ಉಜ್ಜಿದೆ. ಮಾಂಸ ಇಡುವ ಜಾಲರಿಗೆಂದು ಎತ್ತಿಟ್ಟಿದ್ದ ಸತು ಲೇಪಿತ ಸರಳುಗಳನ್ನು ಕೈಬಿಟ್ಟೆ. ಬೆಸುಗೆಯ ಕಾವಿಗೆ ಸತು ಆವಿಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿ, ಜ್ವರ ಬರಬಹುದು.

ಡ್ರಮ್ಮನ್ನು ಅಡ್ಡ ಮಲಗಿಸಿ, ಒಂದು ತುದಿಗೆ ಅದರ ಮೂರನೆಯ ಒಂದು ಭಾಗದಷ್ಟು ಗಾತ್ರದ ಒಲೆಯನ್ನು ದಪ್ಪ ತಗಡಿನಿಂದ ಬೆಸೆದೆ. ಚಿಮಣಿಯನ್ನು ಡ್ರಮ್ಮಿನ ನೆತ್ತಿಯ ಮೇಲೆ ನಿಲ್ಲಿಸಿದ್ದೇ ತಪ್ಪಾಯಿತು. ಒಲೆಯ ಬಿಸಿಗಾಳಿ ಮಾಂಸವನ್ನು ಮುಟ್ಟದೆ ಮೇಲಿನಿಂದಲೇ ಹರಿದು ಹೊರಟುಹೋಗುತ್ತಿತ್ತು. ಮುಚ್ಚಳದ ಥರ್ಮಾಮೀಟರು 120 ಡಿಗ್ರಿ ಸೆಲ್ಸಿಯಸ್ ತೋರಿಸುವಾಗ ಜಾಲರಿಯ ಮೇಲೆ 90 ಕೂಡ ಇರುತ್ತಿರಲಿಲ್ಲ. ಕಾವು ಹೊರಹೋಗದಿರಲೆಂದು ಗಾಳಿಕಿಂಡಿ ಮುಚ್ಚಿದೆ. ಸೌದೆ ಉರಿಯದೆ ಕಮರಿತು, ದಟ್ಟ ಬಿಳಿ ಹೊಗೆ ತುಂಬಿತು, ಮಾಂಸ ಬಾಯಿಗಿಡಲಾರದಷ್ಟು ಕಹಿಯಾಯಿತು. ಆ ದಿನ ನನಗೆ ನಿಜಕ್ಕೂ ದುಃಖವಾಗಿತ್ತು.

ಚಿಮಣಿಯನ್ನು ಕತ್ತರಿಸಿ ತೆಗೆದು, ಒಲೆಗೆ ಎದುರಿನ ತುದಿಯಲ್ಲಿ, ಜಾಲರಿಯ ಮಟ್ಟಕ್ಕೆ ಅದರ ಬುಡ ಬರುವಂತೆ ಬೆಸೆದೆ. ಹೊಗೆ ಈಗ ಮಾಂಸವನ್ನು ಹಾದೇ ಹೋಗಬೇಕು. ಗಾಳಿಕಿಂಡಿ ತೆರೆದಿಟ್ಟು, ಒಣಗಿದ ಗಟ್ಟಿಮರದ ಸಣ್ಣ ಸೀಳುಗಳಿಂದ ಚಿಕ್ಕದಾದರೂ ಚುರುಕಾದ ಉರಿ ಇಟ್ಟರೆ ಜಾಲರಿಯ ಮೇಲೆ 110ರಿಂದ 120 ಡಿಗ್ರಿ ನಿಲ್ಲುತ್ತದೆ. ಸೌದೆ ಚೆನ್ನಾಗಿ ಉರಿಯುತ್ತಿರುವ ಗುರುತಾಗಿ ಕಂಡೂ ಕಾಣದ ತೆಳು ನೀಲಿ ಹೊಗೆ ಬರುತ್ತದೆ. ಅದನ್ನು ಮೊದಲ ಬಾರಿ ಕಂಡಾಗ ಎಷ್ಟೋ ಹೊತ್ತು ಚಿಮಣಿಯನ್ನೇ ನೋಡುತ್ತಾ ನಿಂತಿದ್ದೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಲೆಯ ತಳ ತೂತಾಯಿತು. ಮೇಲಿನಿಂದ ಬಿದ್ದ ಮಳೆಗಿಂತ ಒಳಗೆ ಬಿಟ್ಟಿದ್ದ ಬೂದಿ ತೇವ ಹಿಡಿದು ಲೋಹವನ್ನು ತಿಂದಿತ್ತು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದೆ, ಬೂದಿಗೆ ಎಳೆದು ತೆಗೆಯುವ ತಟ್ಟೆ ಮಾಡಿದೆ. ಹೊರಗೆ ಮಾತ್ರ ಕಾವು ತಾಳುವ ಬಣ್ಣ. ಒಳಗೆ ತೆಳುವಾಗಿ ಅಡುಗೆ ಎಣ್ಣೆ ಸವರಿ ಕೆಲವು ಗಂಟೆ ಕಾಯಿಸಿದೆ. ಅದು ಗಟ್ಟಿ ಕಪ್ಪು ಪೊರೆಯಾಗಿ ತುಕ್ಕನ್ನು ತಡೆಯುತ್ತದೆ.

ಈಗ ಬೇಯಿಸಿದ ಮರುದಿನ ಬೆಳಿಗ್ಗೆಯೇ ಬೂದಿ ತೆಗೆದು, ಚಿಮಣಿಯ ಬಾಯಿಗೆ ಒಂದು ಡಬ್ಬಿ ಕವುಚಿ ಇಡುತ್ತೇನೆ.