ಚೌಕಿಯ ಬಣ್ಣ, ರಂಗಸ್ಥಳದ ಬೆಳಕು

ಕುಂಬಳೆ, ಬದಿಯಡ್ಕ, ನೀರ್ಚಾಲು ಕಡೆಯ ಯಕ್ಷಗಾನ ಆಟಗಳಿಗೆ ನಾನು ಲೈಟ್ ಹಾಕುತ್ತೇನೆ. ಸಂಜೆ ಬೇಗ ತಲುಪಿದರೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಕಲಸಲೂ ಕೂರುತ್ತೇನೆ. ಶುರುವಿನಲ್ಲಿ ಒಂದು ರಾತ್ರಿ, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವ ಹೊತ್ತಿಗೆ ಬರೀ ಹಸಿರು ಲೈಟ್ ಬಿಟ್ಟೆ. ಗಂಟೆಗಟ್ಟಲೆ ಕೂತು ಬರೆದ ಕೆಂಪು ಮುಖ ಕಪ್ಪಾಗಿ ಹೋಯಿತು. ಮುಖದ ಮೇಲೆ ಉಬ್ಬಿ ನಿಲ್ಲುವಂತೆ ಇಟ್ಟ ಬಿಳಿ ಚುಟ್ಟಿ ಮಾತ್ರ ಹಸಿರಾಗಿ ಎದ್ದು ಕಾಣುತ್ತಿತ್ತು. ಆ ಕಲಾವಿದರ ಶ್ರಮ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ. ಹೊಸದಾಗಿ ಲೈಟಿನ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಮೊಬೈಲಿನಲ್ಲಿ ಹಳದಿ ಚಿತ್ರ ತೆರೆದು, ಪರದೆಯ ಮೇಲೆ ಬೆರಳ ತುದಿಯಿಂದ ಒಂದು ಸಣ್ಣ ಹನಿ ನೀರು ಇಡಿ. ಹನಿಯೇ ಭೂತಗನ್ನಡಿ. ಬಗ್ಗಿ ನೋಡಿದರೆ ಒಳಗೆ ಕೆಂಪು, ಹಸಿರು ಚುಕ್ಕೆಗಳು. ಹಳದಿ ಚುಕ್ಕೆ ಒಂದೂ ಇಲ್ಲ! ಆ ಎರಡು ಬೆಳಕು ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಮಗೆ ಹಳದಿ ಕಾಣುತ್ತದೆ.

ರಂಗಸ್ಥಳಕ್ಕೆ ಹಾಕುವ, ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ಏರಿಸಬಲ್ಲ ಎಲ್‌ಇಡಿ ಪಾರ್ ಲೈಟಿನಲ್ಲೂ ಹಾಗೆಯೇ. ಕೆಂಪನ್ನು ಪೂರ್ತಿ ಏರಿಸಿ, ಹಸಿರನ್ನು ನಿಧಾನಕ್ಕೆ ಸೇರಿಸುತ್ತಾ ಬನ್ನಿ. ಮೊದಲು ಕಿತ್ತಳೆ, ಆಮೇಲೆ ಹಳದಿ. ನೀಲಿಯೂ ಸೇರಿದರೆ ಬಿಳಿ. ಬೆಳಕು ಸೇರಿದಷ್ಟೂ ಪ್ರಕಾಶ ಜಾಸ್ತಿ.

ಚೌಕಿಯಲ್ಲಿ ಕೆಂಪು, ಹಸಿರು ಕಲಸಿ ನೋಡಿ, ಕೆಸರಿನಂಥ ಕಂದು ಬರುತ್ತದೆ. ಬಣ್ಣದ ಪುಡಿ ಬೆಳಕನ್ನು ನುಂಗುತ್ತದೆ, ಅಲ್ವಾ? ಕೆಂಪು ಪುಡಿ ಹಸಿರು, ನೀಲಿ ಬೆಳಕನ್ನು ನುಂಗಿ ಕೆಂಪನ್ನು ಮಾತ್ರ ವಾಪಸ್ ಬಿಡುತ್ತದೆ. ಹಸಿರು ಪುಡಿ ಆ ಕೆಂಪನ್ನೂ ನುಂಗುತ್ತದೆ. ಆ ರಾತ್ರಿ ಆದದ್ದೂ ಇದೇ. ನನ್ನ ಲೈಟಿನಲ್ಲಿ ಕೆಂಪೇ ಇರಲಿಲ್ಲ, ಮುಖ ಏನನ್ನು ವಾಪಸ್ ಕೊಡಬೇಕು?

ಹಳದಿಗೆ ನೀಲಿ ಕಲಸಿದರೆ ಹಸಿರು ಬರುವುದೂ ಈ ನುಂಗಾಟದಿಂದಲೇ. ಹಳದಿ ನೀಲಿಯನ್ನು ನುಂಗುತ್ತದೆ, ನೀಲಿ ಕೆಂಪನ್ನು. ಮಧ್ಯೆ ಹಸಿರು ಉಳಿದುಕೊಳ್ಳುತ್ತದೆ. ಕಿತ್ತಳೆ ಬೇಕಾದರೆ ತೆಂಗಿನೆಣ್ಣೆಯಲ್ಲಿ ಮೊದಲು ಹಳದಿ ಕಲಸಿ, ಕೆಂಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಕೆಂಪಿಗೆ ಹಳದಿ ಹಾಕಲು ಹೊರಟರೆ ಎಷ್ಟು ಸುರಿದರೂ ಸಾಲದು. ಆದರೆ ಮನೆಯಲ್ಲಿ ಕಲಿಯುವವರು ಪೋಸ್ಟರ್ ಕಲರ್ ತೆಗೆದುಕೊಳ್ಳಿ. ಹಳೆಯ ಕಾಲದ ಕೆಂಪು ಪುಡಿ ಇಂಗಳೀಕದಲ್ಲಿ ಪಾದರಸ, ಹಳದಿ ಪುಡಿ ಅರದಾಳದಲ್ಲಿ ಆರ್ಸೆನಿಕ್ ಇದೆ. ಮಕ್ಕಳ ಕೈಗೆ ಖಂಡಿತ ಕೊಡಬೇಡಿ.

ಈಗ ಪ್ರತಿ ಆಟಕ್ಕೂ ಚೌಕಿಯಿಂದ ಕೆಂಪು, ಹಳದಿ, ಬಿಳಿ ಒಂದೊಂದು ಗೀಟನ್ನು ರಟ್ಟಿನ ಮೇಲೆ ಬಳಿದು ತರುತ್ತೇನೆ. ಚೆಂಡೆಯವರು ಬಂದು ನಿಲ್ಲುವ ಮೊದಲೇ ಅದನ್ನು ರಂಗಸ್ಥಳದಲ್ಲಿ ಮುಖದ ಎತ್ತರಕ್ಕೆ ಹಿಡಿಸಿ, ದೂರದಿಂದ ನೋಡುತ್ತೇನೆ. ಕೆಂಪು ಗೀಟು ಕಪ್ಪಗೆ ಕಂಡರೆ ಕೆಂಪು ಬೆಳಕನ್ನು ಏರಿಸುತ್ತೇನೆ.