ಅಂಚಿಗೆ ಅಂಟಿಕೊಳ್ಳದೆ: ವೇಗದ ಗಾಡಿಗಳ ನಡುವೆ ಸಣ್ಣ ಸ್ಕೂಟರ್

ನಾನು ಹಳ್ಳಿ ರಸ್ತೆಗಳಲ್ಲಿ ಓಡಿಸುವುದು 110 ಸಿಸಿಯ, ಗೇರಿಲ್ಲದ ಸಣ್ಣ ಸ್ಕೂಟರ್. ಅದು ಹಾಯಾಗಿ ಓಡುವ ವೇಗ ಗಂಟೆಗೆ 50 ಕಿ.ಮೀ. ಆಸುಪಾಸು. ಅದೇ ರಸ್ತೆಯಲ್ಲಿ ಕಾರುಗಳು 90ರಲ್ಲಿ ಬರುತ್ತವೆ. ಅಂದರೆ ಹಿಂದಿನ ಕಾರು ನನ್ನನ್ನು ಸೆಕೆಂಡಿಗೆ 11 ಮೀಟರ್‌ನಂತೆ ಸಮೀಪಿಸುತ್ತಿರುತ್ತದೆ. ಅದು 150 ಮೀಟರ್ ಹಿಂದಿನ ತಿರುವಿನಲ್ಲಿ ಕಾಣಿಸಿಕೊಂಡರೆ ನನಗೂ ಅದರ ಚಾಲಕನಿಗೂ ಸಿಗುವ ಸಮಯ ಸುಮಾರು 13 ಸೆಕೆಂಡು. ನಾನು 30ಕ್ಕೆ ಇಳಿದಿದ್ದರೆ 9 ಸೆಕೆಂಡು. ರಸ್ತೆಯಲ್ಲೇ ನಿಂತುಬಿಟ್ಟಿದ್ದರೆ ಬರೀ 6. ಸ್ಕೂಟರ್ ಸವಾರಿಯಲ್ಲಿ ನಾನು ಮಾಡುವುದೆಲ್ಲ ಹಿಂದಿನವನಿಗೆ ಈ ಸೆಕೆಂಡುಗಳನ್ನು ಉಳಿಸಿಕೊಡುವ ಕೆಲಸವೇ. ಅವನಿಗೆ ನಾನು ಬೇಗ ಕಾಣಬೇಕು, ಮುಂದೇನು ಮಾಡುತ್ತೇನೆಂದು ಬೇಗ ಗೊತ್ತಾಗಬೇಕು.

ಹೊಸಬರು ಸಾಮಾನ್ಯವಾಗಿ ರಸ್ತೆಯ ತುದಿಗೆ ಅಂಟಿಕೊಂಡು ಹೋಗುತ್ತಾರೆ. ಅಲ್ಲಿದ್ದರೆ ಯಾರ ತಂಟೆಯೂ ಇಲ್ಲ ಅನ್ನಿಸುತ್ತದೆ. ಆದರೆ ಮರಳು, ಜಲ್ಲಿ, ಗಾಜಿನ ಚೂರು, ಮುಳ್ಳು ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಡಾಂಬರು ಕಿತ್ತುಹೋಗುವುದೂ ಅಂಚಿನಿಂದಲೇ. ಇನ್ನೊಂದು ತೊಂದರೆ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ: ನೀವು ತುದಿಯಲ್ಲಿದ್ದರೆ ಹಿಂದಿನ ಚಾಲಕನಿಗೆ ಸ್ಟಿಯರಿಂಗ್ ತಿರುಗಿಸುವ ಅಗತ್ಯವೇ ಕಾಣುವುದಿಲ್ಲ. ಎದುರಿನಿಂದ ಗಾಡಿ ಬರುತ್ತಿದ್ದರೂ ನಡುವೆ ತೂರಿಕೊಂಡು ಹೋಗಿಬಿಡುತ್ತಾನೆ, ನಿಮ್ಮ ಮೊಣಕೈಯಿಂದ ಒಂದು ಗೇಣು ದೂರದಲ್ಲಿ.

ನಾನು ಹೋಗುವುದು ಕಾರುಗಳ ಅಂಚಿನ ಕಡೆಯ ಚಕ್ರ ಹಾಯುವ ಜಾಡಿನಲ್ಲಿ, ಡಾಂಬರಿನ ತುದಿಯಿಂದ ಸುಮಾರು ಒಂದು ಮೀಟರ್ ಒಳಗೆ. ಆ ಜಾಡನ್ನು ಟೈರುಗಳೇ ಗುಡಿಸಿಟ್ಟಿರುತ್ತವೆ. ಅಲ್ಲಿದ್ದರೆ ನನ್ನನ್ನು ದಾಟಬೇಕಾದವನು ಪಕ್ಕಕ್ಕೆ ಸರಿಯಲೇಬೇಕು, ಸರಿಯಬೇಕೆಂದರೆ ಮೊದಲು ನನ್ನನ್ನು ನೋಡಲೇಬೇಕು. ನನ್ನ ಮತ್ತು ಅಂಚಿನ ನಡುವೆ ಉಳಿದ ಆ ಒಂದು ಮೀಟರನ್ನು ನಾನು ಸುಮ್ಮನೆ ಖರ್ಚು ಮಾಡುವುದಿಲ್ಲ. ಅದು ಕೈಗಾವಲಿನ ಜಾಗ, ಯಾರಾದರೂ ತೀರಾ ಹತ್ತಿರದಿಂದ ಹಾದರೆ ಸರಿಯಲು ಇರುವುದು. ಮೊದಲೇ ತುದಿಯಲ್ಲಿದ್ದವನಿಗೆ ಸರಿಯಲು ಉಳಿಯುವುದು ಮಣ್ಣು ಮಾತ್ರ.

ಆ ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಡಾಂಬರು ಮತ್ತು ಪಕ್ಕದ ಮಣ್ಣಿನ ನಡುವೆ ಎಷ್ಟೋ ಕಡೆ ಐದಾರು ಸೆಂಟಿಮೀಟರ್ ಮೆಟ್ಟಿಲು ಬಿದ್ದಿರುತ್ತದೆ. ಚಕ್ರ ಕೆಳಗಿಳಿದಾಗ ಏನೂ ಆಗುವುದಿಲ್ಲ. ಬೀಳಿಸುವುದು ಮೇಲೆ ಹತ್ತುವ ಗಳಿಗೆ. ಗಾಬರಿಯಲ್ಲಿ ಹ್ಯಾಂಡಲನ್ನು ಸ್ವಲ್ಪವೇ ತಿರುಗಿಸಿದರೆ ಮುಂದಿನ ಟೈರಿನ ಪಕ್ಕೆ ಆ ಮೆಟ್ಟಿಲಿಗೆ ಉಜ್ಜಿಕೊಂಡೇ ಓಡುತ್ತದೆ, ಹತ್ತುವುದಿಲ್ಲ. ದೇಹ ರಸ್ತೆಯ ಕಡೆ ವಾಲಿರುತ್ತದೆ, ಚಕ್ರ ಮಾತ್ರ ಕೆಳಗೇ ಉಳಿದಿರುತ್ತದೆ, ಸವಾರ ನೇರವಾಗಿ ಹಿಂದಿನ ಗಾಡಿಯ ದಾರಿಗೇ ಬೀಳುತ್ತಾನೆ. 10 ಇಂಚಿನ ಚಕ್ರಕ್ಕೆ ಈ ಅಪಾಯ ಬೈಕಿನ 17 ಇಂಚಿನ ಚಕ್ರಕ್ಕಿಂತ ಬಹಳ ಹೆಚ್ಚು. ಹಾಗಾಗಿ ಕೆಳಗಿಳಿದರೆ ನಾನು ಮೇಲೆ ಹತ್ತಲು ನೋಡುವುದೇ ಇಲ್ಲ. ಹ್ಯಾಂಡಲ್ ನೇರ, ಆಕ್ಸಿಲರೇಟರ್ ಬಿಡುವುದು, ಹಿಂದಿನ ಬ್ರೇಕನ್ನು ಮೆತ್ತಗೆ ಹಿಡಿಯುವುದು, ಮುಂದಿನ ಬ್ರೇಕ್ ಮುಟ್ಟದಿರುವುದು. ವೇಗ ನಡಿಗೆಯಷ್ಟಕ್ಕೆ ಇಳಿದ ಮೇಲೆ ಹಿಂದೆ ನೋಡಿ, ಮೆಟ್ಟಿಲಿಗೆ ಆದಷ್ಟು ಅಡ್ಡವಾಗಿ ಚಕ್ರ ತಿರುಗಿಸಿ ಹತ್ತಿಸುತ್ತೇನೆ. ಒಂದೇ ಗಾಡಿ ಹಿಡಿಸುವ ಕಿರಿದಾದ ರಸ್ತೆಯಲ್ಲಿ ಎದುರು ಲಾರಿ ಬಂದಾಗಲೂ ಇದೇ ಕ್ರಮ. ಅದು ಹತ್ತಿರವಾಗುವವರೆಗೆ ಕಾಯದೆ, ಸಮತಟ್ಟಾದ ಜಾಗ ಸಿಕ್ಕಿದಲ್ಲೇ 20ಕ್ಕಿಂತ ಕಡಿಮೆ ವೇಗದಲ್ಲಿ ನೇರವಾಗಿ ಇಳಿದು ನಿಲ್ಲುತ್ತೇನೆ.

ಕನ್ನಡಿ ನೋಡುವುದು ಐದಾರು ಸೆಕೆಂಡಿಗೊಮ್ಮೆ. ಗುಂಡಿ ತಪ್ಪಿಸುವ ಮುಂಚೆ, ಬ್ರೇಕ್ ಹಿಡಿಯುವ ಮುಂಚೆ ತಪ್ಪದೆ ನೋಡುತ್ತೇನೆ. ಉಬ್ಬುಗನ್ನಡಿಯಲ್ಲಿ ಗಾಡಿಗಳು ಇರುವುದಕ್ಕಿಂತ ದೂರದಲ್ಲಿರುವಂತೆ ಕಾಣುತ್ತವೆ. ಕನ್ನಡಿಯಲ್ಲಿ ಕಾರು ದೊಡ್ಡದಾಗುತ್ತಾ ಬಂದರೆ ಆಕ್ಸಿಲರೇಟರ್ ಬದಲಿಸುವುದಿಲ್ಲ, ಜಾಡೂ ಬದಲಿಸುವುದಿಲ್ಲ. ನಾನು ಈಗಲೇ ಪಕ್ಕಕ್ಕೆ ಸರಿದರೆ ಅವನು ಅದನ್ನು ‘ಬಾ’ ಎಂಬ ಕರೆ ಅಂದುಕೊಳ್ಳುತ್ತಾನೆ. ಅವನು ನಡುಗೆರೆಯ ಕಡೆ ಸರಿದು ಅವನ ಮುಂದಿನ ಚಕ್ರ ನನ್ನ ಪಕ್ಕಕ್ಕೆ ಬಂದಾಗ ಮಾತ್ರ ಒಂದು ಮೊಳದಷ್ಟು ಅಂಚಿನ ಕಡೆ ಹೋಗುತ್ತೇನೆ. ಅವನು ದಾಟಿದ ತಕ್ಷಣ ಹಿಂದಕ್ಕೆ ಸರಿಯುವುದೂ ಇಲ್ಲ. ಅವನ ಬೆನ್ನಿಗೇ ಎರಡನೆಯ ಕಾರು ಇದ್ದರೆ ಅದರ ಚಾಲಕನಿಗೆ ನಾನು ಇದುವರೆಗೆ ಕಂಡೇ ಇರುವುದಿಲ್ಲ. ನನ್ನ ಮಟ್ಟಿಗೆ ಮೊದಲನೆಯ ಕಾರಿಗಿಂತ ಎರಡನೆಯದೇ ಅಪಾಯದ್ದು.

ಬಸ್ಸು, ಲಾರಿ ದಾಟುವಾಗ ಗಾಳಿಯ ಲೆಕ್ಕವೂ ಸೇರುತ್ತದೆ. ಅದರ ಮೂತಿ ಪಕ್ಕಕ್ಕೆ ಬಂದಾಗ ಗಾಳಿ ಹೊರಕ್ಕೆ ನೂಕುತ್ತದೆ, ಉದ್ದಕ್ಕೆ ಹಾಯುವಾಗ ಒಳಕ್ಕೆ ಎಳೆಯುತ್ತದೆ, ಹಿಂಭಾಗ ದಾಟಿದ ಮೇಲೆ ಸುಳಿಗಾಳಿ ಗಾಡಿಯನ್ನು ಅಲ್ಲಾಡಿಸುತ್ತದೆ. ನೂಕಿದಾಗ ಹ್ಯಾಂಡಲನ್ನು ಎದುರು ಒತ್ತಿ ಹಿಡಿದರೆ ಮರುಕ್ಷಣದ ಸೆಳೆತಕ್ಕೆ ನಾವೇ ಲಾರಿಯ ಕಡೆ ಹೋಗಿಬಿಡುತ್ತೇವೆ. ಭುಜ ಸಡಿಲ, ಮೊಣಕೈ ಬಾಗಿರಲಿ, ದೇಹ ಸ್ವಲ್ಪ ಮುಂದಕ್ಕೆ. ಸ್ಕೂಟರ್ ಅತ್ತಿತ್ತ ಒಂದಿಷ್ಟು ತೂಗಿದರೆ ತೂಗಲಿ, ತಾನೇ ಸರಿಹೋಗುತ್ತದೆ. ಸೀಟಿನ ಹಿಂದೆ ಡಬ್ಬಿ ಕಟ್ಟಿ ಭಾರ ತುಂಬಿದ್ದರೆ ಮುಂದಿನ ಚಕ್ರ ಹಗುರಾಗಿ ಈ ತೂಗಾಟ ಜಾಸ್ತಿಯಾಗುತ್ತದೆ. ಭಾರದ ಸಾಮಾನನ್ನು ನಾನು ಸೀಟಿನ ಕೆಳಗೇ ಇಡುವುದು.

ಹಿಂದೆ ಮೂರ್ನಾಲ್ಕು ಗಾಡಿ ಕಟ್ಟಿಕೊಂಡರೆ ದಾರಿ ಬಿಡುತ್ತೇನೆ. ತಾಳ್ಮೆ ಕೆಟ್ಟ ಚಾಲಕ ತಿರುವಿನಲ್ಲೇ ಓವರ್‌ಟೇಕ್ ಮಾಡುತ್ತಾನೆ, ಎದುರು ಗಾಡಿ ಬಂದರೆ ನನ್ನ ಮೇಲೆಯೇ ನುಗ್ಗುತ್ತಾನೆ. ಗಟ್ಟಿ ನೆಲದ ಅಗಲ ಜಾಗ ನೋಡಿಟ್ಟುಕೊಂಡು, ಇಂಡಿಕೇಟರ್ ಹಾಕಿ, ನಿಧಾನವಾಗಿ ವೇಗ ಇಳಿಸಿ ಪಕ್ಕಕ್ಕೆ ಹೋಗುತ್ತೇನೆ. ಏರು ಬಂದಾಗ ಇದನ್ನು ಮುಂಚೆಯೇ ಯೋಚಿಸಬೇಕು. ಹಿಂಬದಿ ಸವಾರ ಇದ್ದರೆ 55ರಲ್ಲಿದ್ದ ಸ್ಕೂಟರ್ ಏರಿನ ನಡುವೆ 35ಕ್ಕೆ ಬೀಳುವುದುಂಟು. ಹಿಂದಿನ ಕಾರಿನವನಿಗೆ ಆ ಏರು ಏರು ಅಂತಲೇ ಅನ್ನಿಸಿರುವುದಿಲ್ಲ. ದಾರಿ ಬಿಡುವುದಿದ್ದರೆ ಏರಿನ ಬುಡದಲ್ಲೇ ಬಿಡುವುದು ಮೇಲು.

ಅಡ್ಡ ತಿರುಗುವುದು, ಅಂದರೆ ಎದುರು ಬರುವವರ ದಾರಿಯನ್ನು ಕತ್ತರಿಸಿ ಪಕ್ಕದ ರಸ್ತೆಗೆ ಹೋಗುವುದು, ಇಡೀ ಸವಾರಿಯಲ್ಲೇ ಕಠಿಣವಾದದ್ದು. ರಸ್ತೆಯ ನಡುವೆ ನಿಂತು ಕಾಯುವ ಸ್ಕೂಟರಿಗೆ ಹಿಂದಿನಿಂದ ಯಾವ ರಕ್ಷಣೆಯೂ ಇಲ್ಲ. ಹಿಂದೆ ಯಾರೂ ಇಲ್ಲದಿದ್ದರೆ 100 ಮೀಟರ್ ಮುಂಚೆ ಇಂಡಿಕೇಟರ್ ಹಾಕಿ, ಬ್ರೇಕ್ ದೀಪ ಎರಡು ಸಲ ಮಿಣುಕಿಸಿ, ಭುಜದ ಮೇಲಿಂದ ತಿರುಗಿ ನೋಡಿ ತಿರುಗುತ್ತೇನೆ. ಹಿಂದೆ ಗಾಡಿಯಿದ್ದರೆ ಆ ಯೋಚನೆಯನ್ನೇ ಬಿಟ್ಟು, ಅಂಚಿನಲ್ಲಿ ರಸ್ತೆಯಿಂದ ಕೆಳಗಿಳಿದು ನಿಂತು, ಎರಡೂ ಕಡೆ ಖಾಲಿಯಾದ ಮೇಲೆ ದಾಟುತ್ತೇನೆ. ಅರ್ಧ ನಿಮಿಷ ಹೋಗುತ್ತದೆ, ಅಷ್ಟೆ.

ಇನ್ನು ನಾನೇ ಓವರ್‌ಟೇಕ್ ಮಾಡುವುದು. ಲೆಕ್ಕ ಹಾಕಿ ನೋಡಿ: 25ರಲ್ಲಿ ಹೋಗುವ ಟ್ರಾಕ್ಟರ್ ಮತ್ತು ಟ್ರೇಲರನ್ನು 60ರಲ್ಲಿ ದಾಟಲು, ಹಿಂದೆ ಮುಂದೆ ಬಿಡುವ ಅಂತರವೂ ಸೇರಿ 45 ಮೀಟರ್ ಹೆಚ್ಚು ಓಡಬೇಕು ಅಂದುಕೊಳ್ಳೋಣ. ಸುಮಾರು 4.6 ಸೆಕೆಂಡು. ಅಷ್ಟರಲ್ಲಿ ನಾನು 77 ಮೀಟರ್ ಹೋಗಿರುತ್ತೇನೆ, ಎದುರಿನಿಂದ 80ರಲ್ಲಿ ಬರುವ ಗಾಡಿ 103 ಮೀಟರ್ ಬಂದಿರುತ್ತದೆ. ಒಟ್ಟು 180 ಮೀಟರ್. ಅದರ ಎರಡರಷ್ಟು ಖಾಲಿ ಕಂಡರೆ ಮಾತ್ರ ಹೊರಡುತ್ತೇನೆ. ಮುಂದಿರುವುದು 45ರಲ್ಲಿ ಹೋಗುವ ಲಾರಿಯಾದರೆ ಅದೇ ಕೆಲಸಕ್ಕೆ ಹತ್ತಿರ ಹತ್ತಿರ 11 ಸೆಕೆಂಡು ಬೇಕು, 420 ಮೀಟರ್ ಬೇಕು, ಅದರ ಎರಡರಷ್ಟು ನೇರ ರಸ್ತೆ ಹಳ್ಳಿ ಕಡೆ ಎಲ್ಲಿ ಸಿಗುತ್ತದೆ? ಸಣ್ಣ ಸ್ಕೂಟರಿನಲ್ಲಿ ‘ಇನ್ನೊಂದಿಷ್ಟು ತಿರುವಿದರೆ ಆಯಿತು’ ಎನ್ನಲು ಉಳಿದ ಶಕ್ತಿ ಇರುವುದಿಲ್ಲ. 40 ಮೀರಿ ಓಡುವ ಯಾವುದನ್ನೂ ನಾನು ದಾಟುವುದಿಲ್ಲ.

ತಿರುವಿನಲ್ಲಿ ನಿಯಮ ಒಂದೇ: ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗ. ಒಣ ರಸ್ತೆಯಲ್ಲಿ ಒಂದು ಸೆಕೆಂಡಿನ ಪ್ರತಿಕ್ರಿಯೆ ಸೇರಿ, 50ರಲ್ಲಿ ನಿಲ್ಲಲು ನಾನು 33 ಮೀಟರ್ ಹಿಡಿದುಕೊಳ್ಳುತ್ತೇನೆ, 60ರಲ್ಲಿ 45. ಬ್ರೇಕ್ ಎಲ್ಲ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ತೀರಾ ನಿಧಾನವಾದರೆ ಕ್ಲಚ್ ಬಿಟ್ಟುಕೊಂಡು ಇಂಜಿನ್ನಿನ ಹಿಡಿತ ತಪ್ಪುತ್ತದೆ, ಗಾಡಿ ಇದ್ದಕ್ಕಿದ್ದಂತೆ ಜಾರಿದ ಹಾಗೆ ಓಡುತ್ತದೆ. ಕಡಿದಾದ ತಿರುವಿನಲ್ಲಿ ಹೀಗಾಗದಿರಲು ಆಕ್ಸಿಲರೇಟರನ್ನು ಎಳೆಯಷ್ಟು ಹಿಡಿದುಕೊಂಡೇ ಹಿಂದಿನ ಬ್ರೇಕಿನಿಂದ ವೇಗ ಹದ ಮಾಡುತ್ತೇನೆ. ತಿರುವು ಮುಗಿದ ಕೂಡಲೇ ಅಥವಾ ದಿಣ್ಣೆ ಇಳಿದ ಕೂಡಲೇ ಫೋನಿಗೆಂದೋ ಮಳೆಕೋಟಿಗೆಂದೋ ಎಂದೂ ನಿಲ್ಲಿಸುವುದಿಲ್ಲ. ಹೊಲದಿಂದ ಟ್ರಾಕ್ಟರ್ ರಸ್ತೆಗೆ ಹತ್ತುವ ಜಾಗಗಳಲ್ಲಿ ಅದರ ಟೈರಿನ ಕೆಸರು ಬಿದ್ದಿರುತ್ತದೆ. ಅಲ್ಲಿ ವಾಲದೆ ನೆಟ್ಟಗೆ ದಾಟುವುದು.

ಹೊರಡುವ ಮುಂಚಿನ ತಪಾಸಣೆಗೆ ಎರಡು ನಿಮಿಷ ಸಾಕು. ಟೈರಿನ ಗಾಳಿ ವಾರಕ್ಕೊಮ್ಮೆ, ಟೈರು ತಣ್ಣಗಿದ್ದಾಗ. ನನ್ನ ಗಾಡಿಯ ಕೈಪಿಡಿಯ ಪ್ರಕಾರ ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36. ನಿಮ್ಮ ಗಾಡಿಗೆ ನಿಮ್ಮ ಕೈಪಿಡಿಯ ಅಂಕಿ. ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಾದರೆ ವೇಗದಲ್ಲಿ ಬಾಲ ಆಡಿಸಿದಂತೆ ಆಗುತ್ತದೆ, ಅದನ್ನು ಬೀಸುಗಾಳಿ ಎಂದು ತಪ್ಪು ತಿಳಿಯುವುದು ಸುಲಭ. ಡ್ರಮ್ ಬ್ರೇಕಿನ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲವಿರಬೇಕು. ಹೆಚ್ಚಾಗಿದ್ದರೆ ಚಕ್ರದ ಹತ್ತಿರದ ನಟ್ಟನ್ನು ಅರ್ಧ ಸುತ್ತು ಬಿಗಿದು, ಚಕ್ರ ಎತ್ತಿ ತಿರುಗಿಸಿ, ಲಿವರ್ ಒತ್ತದಿದ್ದಾಗ ಬ್ರೇಕ್ ಉಜ್ಜುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಬ್ರೇಕ್ ದೀಪವನ್ನು ಎರಡೂ ಲಿವರ್‌ಗಳಿಂದ ಬೇರೆ ಬೇರೆಯಾಗಿ ಒತ್ತಿ, ಹಿಂದಿನ ಗೋಡೆಯ ಮೇಲೆ ಕೆಂಪು ಬೀಳುತ್ತದೆಯೇ ನೋಡಬೇಕು. ಒಂದು ಲಿವರಿನ ಸ್ವಿಚ್ ಕೆಟ್ಟಿದ್ದರೆ ಸವಾರನಿಗೆ ತಿಳಿಯುವುದೇ ಇಲ್ಲ, ಹಿಂದಿನವನಿಗೆ ಮಾತ್ರ ತಿಳಿಯುತ್ತದೆ, ಅದೂ ತಡವಾಗಿ.

ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಎಣ್ಣೆ ಮತ್ತು ದೂಳು ಕಲೆತು ರಸ್ತೆ ಅತಿಯಾಗಿ ಜಾರುತ್ತದೆ. ನೀರು ನಿಂತ ಜಾಗ ಗುಂಡಿಯೇ ಎಂದುಕೊಂಡು ಹೋಗುತ್ತೇನೆ. ನೀರಿನಲ್ಲಿ ಹಾದ ಮೇಲೆ ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದುಕೊಂಡು ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳಬೇಕು.

ರಾತ್ರಿ ಹೆಡ್‌ಲೈಟಿನ ಕೆಳಬೆಳಕಿನಲ್ಲಿ (ಲೋ ಬೀಮ್) ನನ್ನ ವೇಗ 40. ಆ ವೇಗದಲ್ಲಿ ನಿಲ್ಲಲು 24 ಮೀಟರ್ ಬೇಕು, ಸಣ್ಣ ದೀಪದಲ್ಲಿ ದನವೋ ಗುಂಡಿಯೋ ಸ್ಪಷ್ಟವಾಗಿ ಕಾಣುವುದು ಅದಕ್ಕಿಂತ ತುಸು ಮುಂದಿನವರೆಗೆ ಮಾತ್ರ. ಎದುರು ದೀಪ ಕಣ್ಣು ಕುಕ್ಕಿದರೆ ದೃಷ್ಟಿಯನ್ನು ರಸ್ತೆಯ ಅಂಚಿನ ಗೆರೆಗೆ ಇಳಿಸಿ ವೇಗ ತಗ್ಗಿಸುತ್ತೇನೆ. ಹಿಂದೆ ನಂಬರ್ ಪ್ಲೇಟಿನ ಎರಡೂ ಬದಿಗೆ ಮತ್ತು ಹೆಲ್ಮೆಟ್ಟಿನ ಹಿಂಭಾಗಕ್ಕೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿದ್ದೇನೆ, ಬಲ್ಬ್ ಸುಟ್ಟುಹೋದರೂ ಅದು ಬೆಳಗುತ್ತದೆ. ಹಿಂಬದಿ ಸವಾರ ಕೂತಾಗ ಹೆಡ್‌ಲೈಟ್ ಮೇಲಕ್ಕೆ ಎದ್ದು, ಎದುರಿನವನ ಕಣ್ಣಿಗೆ ಹೊಡೆದು, ನಮ್ಮ ಮುಂದಿನ ನೆಲ ಕತ್ತಲಾಗುತ್ತದೆ. ಅದಕ್ಕೇ ಗೋಡೆಯಿಂದ 5 ಮೀಟರ್ ದೂರದಲ್ಲಿ ಇಬ್ಬರೂ ಕೂತು, ಕೆಳಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 5 ಸೆಂಟಿಮೀಟರ್ ಕೆಳಗೆ ಬೀಳುವಂತೆ ದೀಪದ ಕೆಳಗಿನ ಸ್ಕ್ರೂ ತಿರುಗಿಸಿಟ್ಟುಕೊಳ್ಳುತ್ತೇನೆ. ಒಬ್ಬನೇ ಹೋಗುವ ದಿನ ಮತ್ತೆ ನೋಡಿ ಸರಿಮಾಡಬೇಕು, ಇಲ್ಲದಿದ್ದರೆ ಬೆಳಕು ಮಡ್‌ಗಾರ್ಡಿನ ಮುಂದೆಯೇ ಬಿದ್ದು ನಿಲ್ಲುತ್ತದೆ.