ಕೋಳಿಗಳ ಪಾಲಿನ ಗಜ್ಜರಿ

ನಮ್ಮ ಶಾಲೆಯ ಕೈ ತೊಳೆಯುವ ನಳದ ಹತ್ತಿರ ಮಧ್ಯಾಹ್ನ ಎರಡು ಗಂಟೆ ಅನ್ನುವಷ್ಟರಲ್ಲಿ ಕೋಳಿಗಳು ಬಂದು ನಿಲ್ಲುತ್ತಿದ್ದವು. ಪಕ್ಕದ ಮನೆಯ ಕೋಳಿಗಳು. ಮಕ್ಕಳು ತಟ್ಟೆ ತೊಳೆಯಲು ಬಂದಾಗ ಗಜ್ಜರಿ, ಬೀನ್ಸ್, ಟೊಮೆಟೊ ಸಿಪ್ಪೆ ಎಲ್ಲ ಅಲ್ಲೇ ಬೀಳುತ್ತಿತ್ತು. ಸಾಂಬಾರಿನ ತರಕಾರಿಯನ್ನು ಶ್ರದ್ಧೆಯಿಂದ ತಿನ್ನುತ್ತಿದ್ದವರು ನಮ್ಮ ಶಾಲೆಯಲ್ಲಿ ಆ ಕೋಳಿಗಳು ಮಾತ್ರ.

ನಾನು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೆಯ ತರಗತಿಯ 28 ಮಕ್ಕಳು ನನ್ನ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಬಿಸಿಯೂಟದ ಲೆಕ್ಕವೂ ನನ್ನ ಕೊರಳಿಗೇ ಬಿದ್ದಿದೆ. ಐದನೆಯ ತರಗತಿಯವರೆಗಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಎಲ್ಲ ಸೇರಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಇದನ್ನು ತಪ್ಪದೆ ಬರೆಯುತ್ತಿದ್ದೆ. ಆ 50 ಗ್ರಾಂ ತರಕಾರಿಯಲ್ಲಿ ಎಷ್ಟು ಮಗುವಿಗೆ ಹೋಯಿತು, ಎಷ್ಟು ಕೋಳಿಗೆ ಹೋಯಿತು ಎಂದು ಬರೆಯಲು ಮಾತ್ರ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಮೊದಲು ಟೀಚರ್ ಆದವರೆಲ್ಲ ಮಾಡುವುದನ್ನೇ ಮಾಡಿದೆ. ಪಾಠ ಹೇಳಿದೆ. ಬಣ್ಣದ ಚಾರ್ಟ್ ತೂಗುಹಾಕಿದೆ. ಯಾವ ತರಕಾರಿಯಲ್ಲಿ ಯಾವ ವಿಟಮಿನ್ ಎಂದು ಕುಣಿಸಿ ಹಾಡಿಸಿದೆ. ಮಕ್ಕಳು ಒಂದೇ ವಾರದಲ್ಲಿ ಬಾಯಿಪಾಠ ಮಾಡಿಕೊಂಡರು. ಒಬ್ಬ ಹುಡುಗ "ಗಜ್ಜರಿ ಕಣ್ಣಿಗೆ ಚಲೋ ರೀ ಅಕ್ಕೋರ" ಎಂದು ನನಗೇ ಹೇಳುತ್ತಾ ತಟ್ಟೆಯಲ್ಲಿದ್ದ ಗಜ್ಜರಿಯನ್ನು ಒಂದೊಂದಾಗಿ ನಳದ ಕೆಳಗೆ ಹಾಕುತ್ತಿದ್ದ. ಅವನಿಗೆ ಪಾಠ ಪೂರ್ತಿ ಅರ್ಥವಾಗಿತ್ತು. ತಿನ್ನುವ ಮಾತು ಬೇರೆ ಅಷ್ಟೇ.

ಆಮೇಲೆ ಪೆಪ್ಪರಮಿಂಟ್ ತಂದೆ. ತರಕಾರಿ ಮುಗಿಸಿದವರಿಗೆ ಒಂದೊಂದು. ಇದನ್ನು ಹೇಳಲು ಈಗ ನಾಚಿಕೆ ಆಗುತ್ತದೆ, ಆದರೆ ಆಗ ನನಗೆ ನನ್ನ ಜಾಣತನ ಕಂಡು ಭಾರಿ ಖುಷಿ ಆಗಿತ್ತು. ಒಂದು ತಿಂಗಳು ಕೋಳಿಗಳಿಗೆ ಉಪವಾಸ. ನನ್ನ ಪರ್ಸೂ ಖಾಲಿ ಆಗುತ್ತಾ ಬಂತು, ನಿಲ್ಲಿಸಿದೆ. ಮರುದಿನದಿಂದ ಮೊದಲಿಗಿಂತ ಜಾಸ್ತಿ ತರಕಾರಿ ಬೀಳತೊಡಗಿತು. ಮೊದಲು ಸುಮ್ಮನೆ ತಿನ್ನುತ್ತಿದ್ದ ನಾಲ್ಕೈದು ಮಕ್ಕಳೂ "ಪೆಪ್ಪರಮಿಂಟ್ ಇಲ್ಲೇನ್ರಿ?" ಎಂದು ಕೇಳಿ ಕೈಬಿಟ್ಟರು. ಅಮೆರಿಕದ ಲಿಯಾನ್ ಬರ್ಚ್ ಎಂಬ ಸಂಶೋಧಕಿ 1984ರಲ್ಲೇ ಇಂಥದ್ದನ್ನು ಪುಟ್ಟ ಮಕ್ಕಳಲ್ಲಿ ನೋಡಿದ್ದರು ಎಂದು ಎಷ್ಟೋ ದಿನದ ಮೇಲೆ ಓದಿದೆ. ಬಹುಮಾನಕ್ಕಾಗಿ ಕುಡಿಸಿದ ಪಾನೀಯದ ಮೇಲೆ ಮಕ್ಕಳಿಗೆ ಇದ್ದ ಇಷ್ಟವೂ ಕಡಿಮೆ ಆಗಿತ್ತಂತೆ. ಮಗುವಿನ ಲೆಕ್ಕ ಸರಳ: ಲಂಚ ಕೊಡುತ್ತಾರೆ ಅಂದರೆ ಅದು ಕೆಟ್ಟದ್ದೇ ಇರಬೇಕು, ಅಲ್ವಾ?

ಇಷ್ಟಾದ ಮೇಲೆ ಹೇಳುವುದನ್ನು ಬಿಟ್ಟು ಕೇಳಲು ಶುರು ಮಾಡಿದೆ. ದಿನಾ ಪ್ರಾರ್ಥನೆ ಮುಗಿದ ಕೂಡಲೆ "ಮುಂಜಾನೆ ಏನು ತಿಂದ್ರಿ?" ನಲಿ-ಕಲಿಯಲ್ಲಿ ಎಣಿಕೆಗೆ ಹೇಗೂ ಹುಣಸೆ ಬೀಜ ಬೇಕು. ರೊಟ್ಟಿ ತಿಂದವರು ಒಂದು ಡಬ್ಬಿಗೆ, ಉಪ್ಪಿಟ್ಟು-ಅವಲಕ್ಕಿ ತಿಂದವರು ಇನ್ನೊಂದಕ್ಕೆ, ಬರೀ ಚಹಾ ಕುಡಿದವರು ಮೂರನೆಯದಕ್ಕೆ ಬೀಜ ಹಾಕಬೇಕು. ಮೊದಲ ದಿನ ಮೂರನೆಯ ಡಬ್ಬಿಯಲ್ಲಿ 11 ಬೀಜ. ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಶಾಲೆಗೆ ಬರುವಾಗ ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಇರುತ್ತಿತ್ತು. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಾ ಆಡುತ್ತಿದ್ದವರೂ ಬಹುತೇಕ ಅವರೇ. ಹಸಿವು ಸರಿಯಾಗಿ ಹುಟ್ಟುವ ಮೊದಲೇ ಉಪ್ಪು-ಎಣ್ಣೆಯಿಂದ ಅದನ್ನು ಕೊಂದುಕೊಂಡು ಬರುತ್ತಿದ್ದರು. ಇನ್ನು ಚಹಾ ಊಟದ ಜೊತೆ ಹೋದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ. ವಾರಕ್ಕೊಮ್ಮೆ ಗುಲಾಬಿ ಬಣ್ಣದ ಕಬ್ಬಿಣದ ಗುಳಿಗೆ ನುಂಗಿಸುವವರು ನಾವೇ. ಹಾಗಿದ್ದೂ ಚಹಾದ ಬಗ್ಗೆ ಒಂದು ಮಾತು ಆಡಿರಲಿಲ್ಲ.

ತಾಯಂದಿರ ಸಭೆ ಕರೆದೆ. ಮಕ್ಕಳಿಗೆ ಬರೀ ಚಹಾ ಕೊಟ್ಟು ಕಳಿಸಬೇಡಿ, ಬಿಸಿ ತಿಂಡಿ ಮಾಡಿಕೊಡಿ ಎಂದೆ. ಒಬ್ಬ ತಾಯಿ ಎದ್ದು ನಿಂತಳು. "ಅಕ್ಕೋರ, ಮೆಣಸಿನಕಾಯಿ ಬಿಡಸಾಕ ಆರಕ್ಕ ಗಾಡಿ ಬರ್ತೈತ್ರಿ. ಗಾಡಿ ಹತ್ಲ್ಯೋ, ಒಲಿ ಮುಂದ ಕುಂದ್ರಲ್ಯೋ? ನೀವ ಹೇಳ್ರಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಮನೆ ಬಿಡುವಾಗ ಮಗು ಇನ್ನೂ ಹಾಸಿಗೆಯಲ್ಲೇ ಇರುತ್ತದೆ. ಅದನ್ನು ಎಬ್ಬಿಸಿ, ಮುಖ ತೊಳೆಸಿ, ಏನೋ ಒಂದು ಬಾಯಿಗೆ ಹಾಕಿ ಶಾಲೆಗೆ ಅಟ್ಟುವವಳು ಅಜ್ಜಿ. ಅಜ್ಜಿ ಇಲ್ಲದ ಮನೆಯಲ್ಲಿ ಐದನೆಯದೋ ಆರನೆಯದೋ ಓದುವ ಅಕ್ಕ. ನಾನು ಇಷ್ಟು ದಿನ ಸಭೆಗೆ ಕರೆದದ್ದೇ ತಪ್ಪು ಜನರನ್ನು.

ಮುಂದಿನ ಸಲ ಅಜ್ಜಿಯರನ್ನು ಕರೆದೆ. ಎಲೆ-ಅಡಿಕೆ ತಟ್ಟೆ ಇಟ್ಟಿದ್ದರಿಂದ ಕರೆಯದವರೂ ಬಂದರು. ಐದು ರೂಪಾಯಿ ಯಾಕೆ ಕೊಡುತ್ತೀರಿ ಎಂದರೆ ಒಬ್ಬ ಅಜ್ಜಿ, "ಅಳ್ತೈತಿ, ಕೊಟ್ರ ಸುಮ್ಮನಾಗ್ತೈತಿ. ಮೊಮ್ಮಗನ ಕೈಯಾಗ ಐದು ರೂಪಾಯಿ ಇಡಾಕೂ ಆಗಲ್ದಷ್ಟು ಬಡವರೇನ ನಾವು?" ಎಂದಳು. ಆ ನಾಣ್ಯದಲ್ಲಿ ಪ್ರೀತಿಯೂ ಇತ್ತು, ಮರ್ಯಾದೆಯೂ ಇತ್ತು. ಪ್ಯಾಕೆಟ್ ಕೆಟ್ಟದ್ದು ಎಂದು ಅವಳಿಗೆ ಉಪದೇಶ ಮಾಡಿ ಏನು ಉಪಯೋಗ? ನಾನು ಕೇಳಿದ್ದು ಒಂದೇ: ನೀವು ಸಣ್ಣವರಿದ್ದಾಗ ಮುಂಜಾನೆ ಏನು ತಿನ್ನುತ್ತಿದ್ದಿರಿ? ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಖಡಕ್ ರೊಟ್ಟಿ ಮುರಿದು ಮೊಸರಲ್ಲಿ ಹಾಕಿ ಮೇಲೆ ಶೇಂಗಾ ಹಿಂಡಿ, ರಾತ್ರಿಯ ರೊಟ್ಟಿಗೆ ಬೆಲ್ಲ-ತುಪ್ಪ, ಗುರೆಳ್ಳು ಚಟ್ನಿ, ಮೊಳಕೆ ಮಡಿಕೆಕಾಳು. ಇದರಲ್ಲಿ ಯಾವುದಕ್ಕೂ ಮುಂಜಾನೆ ಒಲೆ ಹಚ್ಚಬೇಕಿಲ್ಲ. ಎಲ್ಲವೂ ಅವರ ಮನೆಯಲ್ಲೇ ಡಬ್ಬಿಯಲ್ಲಿದ್ದದ್ದು. ಮಕ್ಕಳಿಗೆ ಇವೆಲ್ಲ ಯಾಕೆ, ಬಿಸ್ಕೀಟ್ ಕೊಡುವುದೇ ಈಗಿನ ಪದ್ಧತಿ ಎಂದು ಅವರೇ ಅಂದುಕೊಂಡಿದ್ದರು. ದೀಪಾವಳಿ ಹೊತ್ತಿಗೆ ಮೂರನೆಯ ಡಬ್ಬಿಯಲ್ಲಿ ನಾಲ್ಕು ಬೀಜ ಉಳಿದಿದ್ದವು. ಕೆಲವು ಮಕ್ಕಳು ಸುಳ್ಳು ಹೇಳಿ ರೊಟ್ಟಿ ಡಬ್ಬಿಗೆ ಹಾಕುತ್ತಿದ್ದರು ಎಂಬುದೂ ನನಗೆ ಗೊತ್ತು.

ಅಂಗಡಿಯದು ಇನ್ನೊಂದು ಕಥೆ. ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಇರುವ ತಿನಿಸನ್ನು ಶಾಲೆಯ 50 ಮೀಟರ್ ಒಳಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ನಮ್ಮ ಗೇಟಿನಿಂದ ಅಂಗಡಿ ಹದಿನೈದು ಹೆಜ್ಜೆ. ಆದರೆ ಅಂಗಡಿಯಾಕೆ ಒಂಟಿ ಹೆಂಗಸು. ಅವಳ ಇಬ್ಬರು ಮೊಮ್ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. ನಿಯಮ ಹಿಡಿದು ಜಗಳಕ್ಕೆ ಹೋಗುವ ಮನಸ್ಸಾಗಲಿಲ್ಲ. ಒಂದು ದಿನ ಅಲ್ಲೇ ಕೂತು ಮಕ್ಕಳ ಎತ್ತರಕ್ಕೆ ತಲೆ ಬಗ್ಗಿಸಿ ನೋಡಿದೆ. ಕಣ್ಣಿಗೆ ಬಿದ್ದದ್ದು ಪ್ಯಾಕೆಟ್ ಮಾಲೆಗಳು ಮಾತ್ರ, ತೋರಣದ ಹಾಗೆ. ಅವನ್ನು ಒಳಗೆ ಸರಿಸಿ, ಮುಂದೆ ಕುದಿಸಿದ ಶೇಂಗಾ ಇಡಲು ಕೇಳಿಕೊಂಡೆ. ಮೊದಲ ವಾರದ ಶೇಂಗಾ ನಾನೇ ತಂದುಕೊಟ್ಟೆ. ಈಗ ಸುಗ್ಗಿ ನೋಡಿಕೊಂಡು ಅವಳೇ ಬಾರಿಹಣ್ಣು, ಪೇರಲ, ಹಸಿ ಕಡಲೆ ಇಡುತ್ತಾಳೆ. ಪ್ಯಾಕೆಟ್ ನಿಂತಿಲ್ಲ. ಕೇಳಿದರೆ ಒಳಗಿನಿಂದ ತೆಗೆದುಕೊಡುತ್ತಾಳೆ. ಆದರೆ ಕೇಳುವವರು ಕಡಿಮೆ ಆದರು. ಕಣ್ಣಿಗೆ ಕಾಣದ್ದಕ್ಕೆ ಏಳು ವರ್ಷದವರು ಅಷ್ಟು ಅಳುವುದಿಲ್ಲ.

ಇನ್ನು ಗಜ್ಜರಿಯ ಗುಟ್ಟು. ಇದು ಬಿಚ್ಚಿದ್ದು ಹೊಲದಲ್ಲಿ. ಚಳಿಗಾಲದಲ್ಲಿ ಮಕ್ಕಳನ್ನು ಹಿಂಗಾರಿ ಜೋಳದ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಬುತ್ತಿ ಬಿಚ್ಚಿದಾಗ, ತರಕಾರಿ ಬೇಡ ಎಂದು ದಿನಾ ರಂಪ ಮಾಡುವ ಹುಡುಗಿಯೊಬ್ಬಳು ಬದುವಿಗೆ ಓಡಿ ಹಕ್ಕರಕಿ ಸೊಪ್ಪು ಕಿತ್ತು ತಂದಳು. ತೊಳೆದೂ ತೊಳೆಯದ ಹಾಗೆ ಮಾಡಿ, ಹಸಿಯಾಗಿಯೇ ರೊಟ್ಟಿ ಜೊತೆ ಕರುಂ ಕುರುಂ ಎಂದು ತಿಂದಳು. ಹಕ್ಕರಕಿ ಸ್ವಲ್ಪ ಕಹಿ. ಕಹಿ ಅಂದರೆ ಮಕ್ಕಳು ಹುಟ್ಟಿನಿಂದಲೇ ಮುಖ ಸಿಂಡರಿಸುತ್ತಾರೆ, ಸಿಹಿ ಮಾತ್ರ ಯಾರೂ ಕಲಿಸದೆ ಇಷ್ಟವಾಗುತ್ತದೆ. ಹಾಗಿದ್ದೂ ಇವಳಿಗೆ ಹಕ್ಕರಕಿ ಸೇರಿತ್ತು. ಯಾಕೆಂದರೆ ನಡೆಯಲು ಬಂದಾಗಿನಿಂದ ಅಜ್ಜಿ ಅದನ್ನು ತಿನ್ನುವುದನ್ನು ನೋಡಿದ್ದಾಳೆ. ನಮ್ಮ ಮಕ್ಕಳಿಗೆ ತರಕಾರಿ ಸೇರುವುದಿಲ್ಲ ಎಂಬ ನನ್ನ ತೀರ್ಪೇ ತಪ್ಪಾಗಿತ್ತು. ಪೇಟೆಯಿಂದ ಚೀಲದಲ್ಲಿ ಬರುವ ಬೀನ್ಸು ಅವರ ಮನೆಯ ಒಲೆಯನ್ನು ಕಂಡೇ ಇರಲಿಲ್ಲ. ಗುರುತಿಲ್ಲದವರು ಮನೆಗೆ ಬಂದರೆ ಬಾಗಿಲ ಹಿಂದೆ ಅಡಗುವ ಮಕ್ಕಳು ಗುರುತಿಲ್ಲದ ತರಕಾರಿಗೂ ಹಾಗೇ ಮಾಡುತ್ತಿದ್ದರು.

ಮರುದಿನವೇ ಅಡುಗೆ ಅಕ್ಕನ ಜೊತೆ ಕೂತೆ. ಬೇಳೆಗೆ ಮೆಂತ್ಯ, ರಾಜಗಿರಿ, ಕಿರಕಸಾಲಿ, ಪುಂಡಿ ಸೊಪ್ಪುಗಳು ಬಂದವು. ಅವಳೂ ಒಂದು ಮಾತು ಹೇಳಿದಳು, ನನಗೆ ಹೊಳೆದೇ ಇರದ್ದು. "ಒಂದನೇ ಎರಡನೇದವಕ್ಕ ಮುಂದಿನ ಹಲ್ಲ ಇಲ್ಲಲ್ರೀ ಅಕ್ಕೋರ, ಈಸೀಸು ದೊಡ್ಡ ತುಂಡು ಹೆಂಗ ಕಡಿಬೇಕು?" ಹೌದಲ್ಲ! ಆರು-ಏಳು ವರ್ಷಕ್ಕೆ ಹಾಲು ಹಲ್ಲು ಬೀಳುವ ಕಾಲ. ನನ್ನ ಕ್ಲಾಸಿನಲ್ಲಿ ನಕ್ಕರೆ ಅರ್ಧಕ್ಕರ್ಧ ಬೊಚ್ಚು ಬಾಯಿಗಳು. ಆವತ್ತಿನಿಂದ ಗಜ್ಜರಿಯನ್ನು ತುರಿದು ಹಾಕಿದಳು, ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿದಳು, ಸಣ್ಣವರ ಪಾಲಿಗೆ ಖಾರ ಇಳಿಸಿದಳು. ನನ್ನ ಆರು ತಿಂಗಳ ಪಾಠ ಮಾಡದ್ದನ್ನು ಆ ತುರಿಯುವ ಮಣೆ ಒಂದು ವಾರದಲ್ಲಿ ಮಾಡಿತು.

ಹೊಸ ತರಕಾರಿಗೆ ಒಂದು ಕಟ್ಟಳೆ ಮಾಡಿಕೊಂಡೆವು. ಒಂದೇ ಚಮಚ ಬಡಿಸುವುದು. ಬೇಡವಾದರೆ ಬಿಡಬಹುದು. ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಆದರೆ ಮುಂದಿನ ವಾರ ಅದು ಮತ್ತೆ ಬರುತ್ತದೆ. ಮಕ್ಕಳಿಗೆ ಒಂದು ಹೊಸ ರುಚಿ ಒಗ್ಗಲು ಎಂಟು-ಹತ್ತು ಸಲ, ಕೆಲವರಿಗೆ ಹದಿನೈದು ಸಲ ಬೇಕು. ನಾವು ದೊಡ್ಡವರು ಮೂರನೆಯ ಸಲಕ್ಕೇ "ಇವನಿಗೆ ಸೇರಂಗಿಲ್ಲ ಬಿಡ್ರಿ" ಎಂದು ಹಣೆಪಟ್ಟಿ ಹಚ್ಚಿಬಿಡುತ್ತೇವೆ. ರಾಗಿಯೂ ಹಾಗೇ ಆಯಿತು. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಶುರುವಾದಾಗ ಈ ಜೋಳದ ಸೀಮೆಯ ಮಕ್ಕಳು ಲೋಟದೊಳಗೆ ಇಣುಕಿ ನೋಡಿ "ಇದೇನ್ರಿ, ಕೆಸರು?" ಅಂದಿದ್ದರು. ಸಿಹಿ ಇದ್ದದ್ದರಿಂದ ಬೇಗ ಒಗ್ಗಿತು. ಮೊಟ್ಟೆಗೆ ನಾನು ಏನೂ ಮಾಡಬೇಕಾಗಲಿಲ್ಲ. ಸಿಪ್ಪೆ ಸುಲಿಯಲು ಬಾರದ ಸಣ್ಣವರಿಗೆ ದೊಡ್ಡವರು ಸುಲಿದುಕೊಡುತ್ತಾರೆ. ಮೊಟ್ಟೆ ತಿನ್ನದ ಮನೆಯ ಮಕ್ಕಳು ಬಾಳೆಹಣ್ಣು ತಿನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಒಂದು ಹುಡುಗನ ವಿಷಯದಲ್ಲಿ ಮಾತ್ರ ಈ ಯಾವುದೂ ನಡೆಯಲಿಲ್ಲ. ಯಾವುದನ್ನೂ ತಿನ್ನುತ್ತಿರಲಿಲ್ಲ, ಹೊಟ್ಟೆ ಹಿಡಿದು ಕೂರುತ್ತಿದ್ದ. ನಾನು ಅವನನ್ನು ಹಟಮಾರಿ ಅಂದುಕೊಂಡಿದ್ದೆ. ತಪಾಸಣೆಗೆ ಬಂದ ಡಾಕ್ಟರ್ ಜಂತುಹುಳು, ರಕ್ತ ಕಡಿಮೆ ಎಂದರು. ಫೆಬ್ರವರಿ 10, ಆಗಸ್ಟ್ 10 ಎಂದು ವರ್ಷಕ್ಕೆ ಎರಡು ಸಲ ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಡುತ್ತೇವೆ. ಆ ಎರಡೂ ದಿನ ಅವನು ಗೈರು. ಗೈರಾದವರಿಗೆ ಮತ್ತೊಂದು ದಿನ ಕೊಡುತ್ತಾರೆ, ಅದನ್ನು ಗಮನಿಸಬೇಕಾದವಳು ನಾನೇ. ಈಗ ಹಾಜರಿ ಪುಸ್ತಕದಲ್ಲಿ ಆ ತಾರೀಕುಗಳಿಗೆ ಕೆಂಪು ಗೆರೆ ಎಳೆದಿರುತ್ತೇನೆ.

ಕೊನೆಗೆ ನನ್ನ ತಟ್ಟೆಯ ಮಾತು. ಬಡಿಸುವ ಮೊದಲು ಟೀಚರ್ ರುಚಿ ನೋಡಬೇಕು ಎಂಬುದು ಬಿಸಿಯೂಟದ ನಿಯಮ. ಒಂದು ಚಮಚ ಬಾಯಿಗೆ ಹಾಕಿ, ಸಹಿ ಮಾಡಿ, ಆಫೀಸ್ ಕೋಣೆಗೆ ಹೋಗಿ ನನ್ನ ಡಬ್ಬಿ ಬಿಚ್ಚುತ್ತಿದ್ದೆ. ಒಂದನೆಯ ತರಗತಿಯವನೊಬ್ಬ ಬಾಗಿಲಲ್ಲಿ ನಿಂತು ಕೇಳಿದ, "ಅಕ್ಕೋರ, ನೀವ್ಯಾಕ ನಮ್ಮ ಊಟ ಉಣ್ಣಂಗಿಲ್ಲ?" ಆವತ್ತಿನಿಂದ ಪಂಕ್ತಿಯಲ್ಲಿ ಅವರ ಜೊತೆ ಕೂತೆ. ಫೋನ್ ನೋಡುತ್ತಾ ಉಣ್ಣುವ ಮನೆಗಳಿಂದ ಬಂದ ಮಕ್ಕಳು ಇಲ್ಲಿ ನನ್ನ ಮುಖ ನೋಡುತ್ತಾ ಉಣ್ಣುತ್ತಿದ್ದರು. ನಾನು ಪುಂಡಿಪಲ್ಯ ಚಪ್ಪರಿಸಿದರೆ ಅವರೂ ಚಪ್ಪರಿಸಿದರು. ಸಮಸ್ಯೆ ಬಂದದ್ದು ಹೀರೆಕಾಯಿಗೆ. ನನಗೆ ಅದು ಹುಟ್ಟಾ ಆಗದು. ಏನೂ ಹೇಳಲಿಲ್ಲ, ಸುಮ್ನೆ ತಟ್ಟೆಯ ಅಂಚಿಗೆ ಸರಿಸಿದೆ. ನನ್ನ ಸಾಲಿನ ಅಷ್ಟೂ ಮಕ್ಕಳು ಹೀರೆಕಾಯಿ ಬಿಟ್ಟರು. ಪಕ್ಕದ ಸಾಲಿನವರು ತಿಂದಿದ್ದರು. ಈಗ ವಾರಕ್ಕೊಮ್ಮೆ ಹೀರೆಕಾಯಿ ತಿನ್ನುತ್ತೇನೆ. ಎಣಿಸಿಟ್ಟಿದ್ದೇನೆ, ಮೊನ್ನೆಯದು ಒಂಬತ್ತನೆಯ ಸಲ. ಇನ್ನೂ ಸೇರಿಲ್ಲ.

ಈ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳು ಬರೀ ಬಿಳಿ ಅನ್ನ ಉಣ್ಣುತ್ತಾಳೆ. ಸಾಂಬಾರಿನ ಹನಿ ಬಿದ್ದರೂ ತಟ್ಟೆ ತಿರುಗಿಸಿ ಆ ಕಡೆಯದನ್ನು ಬಿಡುತ್ತಾಳೆ. ಕಳೆದ ವಾರ ಪಕ್ಕದವಳನ್ನು ನೋಡಿ ಒಂದು ನುಗ್ಗೆಕಾಯಿ ತುಂಡು ಎತ್ತಿಕೊಂಡಳು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ತಿರುಗಿ ನೋಡುವಷ್ಟರಲ್ಲಿ ಅದನ್ನು ಚೀಪಿ ಮುಗಿಸಿ, ಎರಡನೆಯದಕ್ಕಾಗಿ ಪಕ್ಕದವಳ ತಟ್ಟೆಗೆ ಕೈ ಹಾಕಿದ್ದಳು. ಇಬ್ಬರಿಗೂ ಜಗಳ ಹತ್ತಿತ್ತು.